ಟೆಲಿವಿಷನ್ನಿಗೆ ಎಂಥ ಕೇಬಲ್ ಬೇಕು?

ವಿಜ್ಞಾನವನ್ನು ನಾವು ತರಗತಿಯಲ್ಲಿ ಕಲಿಯುತ್ತೇವೆ. ಕೊಡುಕೊಳ್ಳುವ ವ್ಯವಹಾರವನ್ನು ಪೇಟೆಯಲ್ಲಿ ನಡೆಸುತ್ತೇವೆ. ಒಂದೆಡೆ ಕಲಿತುದನ್ನು ಇನ್ನೊಂದೆಡೆಗೆ ಕೊಂಡೊಯ್ಯುವವರು ವಿರಳ. ಇದಕ್ಕೆ ದೊಡ್ಡ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಮನೆಯ ಟೆಲಿವಿಷನ್ನಿನ ಬೆನ್ನಿಗೆ ನೇತಾಡುವ ಕೇಬಲ್ ಒಂದೇ ಸಾಕು.

ಕಳೆದ ಬೇಸಗೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಕೊಂಡ ಎಚ್.ಡಿ.ಎಮ್.ಐ. ಕೇಬಲೊಂದನ್ನು ಪ್ರಯೋಗಶಾಲೆಗೆ ತಂದು ನನ್ನ ಮುಂದಿಟ್ಟನು. ಅದರ ತುದಿಗಳು ಚಿನ್ನದಂತೆ ಹೊಳೆಯುತ್ತಿದ್ದುವು. ಮೈಮೇಲೆ ನೂಲಿನ ನೇಯ್ಗೆಯ ಹೊದಿಕೆಯಿತ್ತು. “ಸರ್, ಇದಕ್ಕ ಎರಡು ಸಾವಿರ ರೂಪಾಯಿ ಕೊಟ್ಟೇವ್ರಿ. ಇದನ್ನ ಹಾಕಿದ್ರ ಚಿತ್ರ ಭಾಳ ಛಲೋ ಬರ್ತದ ಅಂದ್ರು. ಖರೇನೇನ್ರಿ?” ಎಂದು ಕೇಳಿದನು. ಅವನ ತಂದೆ ಗಂಜಿನಲ್ಲಿ ತೊಗರಿಯ ಚೀಲಗಳನ್ನು ಹೊರುವ ಹಮಾಲರು. ಎರಡು ಸಾವಿರ ರೂಪಾಯಿ ಎಷ್ಟು ಚೀಲಗಳ ಕೂಲಿಯೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಆದರೆ ಹುಡುಗನ ಪ್ರಶ್ನೆಗೆ ಉತ್ತರ ಕೊಡದೆ ಇರುವಂತೆಯೂ ಇರಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೇಬಲಿನ ಯೋಗ್ಯತೆಯನ್ನು ಅದರ ಬೆಲೆಯಿಂದಾಗಲಿ ಹೊಳಪಿನಿಂದಾಗಲಿ ಅಳೆಯಬಾರದು. ಅದು ಯಾವ ಬಗೆಯ ಸಂಕೇತವನ್ನು ಒಯ್ಯಬೇಕು, ಎಷ್ಟು ದೂರ ಒಯ್ಯಬೇಕು, ಎಷ್ಟು ವೇಗದಲ್ಲಿ ಒಯ್ಯಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೂರಕ್ಕೂ ಉತ್ತರಗಳಿವೆ, ಅವುಗಳಲ್ಲಿ ಹೆಚ್ಚಿನವು ಅಂಕಿಗಳಲ್ಲಿಯೇ ಇವೆ. ಪದವಿಪೂರ್ವ ತರಗತಿಯ ಭೌತವಿಜ್ಞಾನವನ್ನು ಓದಿದವರು ಆ ಅಂಕಿಗಳನ್ನು ತಾವೇ ಪರಿಶೀಲಿಸಬಲ್ಲರು. ಪರಿಶೀಲಿಸಬೇಕು ಎಂಬುದೇ ನನ್ನ ವಾದ.

ಟೆಲಿವಿಷನ್ ಈ ಸೀಮೆಗೆ ನಿನ್ನೆ ಮೊನ್ನೆ ಬಂದ ವಸ್ತುವಲ್ಲ. ೧೯೭೫ನೆಯ ಇಸವಿಯ ಆಗಸ್ಟ್ ತಿಂಗಳಿನಿಂದ ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್. ೬ ಎಂಬ ಉಪಗ್ರಹದ ನೆರವಿನಿಂದ ನಮ್ಮ ದೇಶವು ‘ಸೈಟ್’ ಎಂಬ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಲ್ಲಿ ಟೆಲಿವಿಷನ್ ಯಂತ್ರಗಳನ್ನಿರಿಸಲಾಯಿತು. ಕರ್ನಾಟಕದಲ್ಲಿ ಇದಕ್ಕೆ ಆರಿಸಿಕೊಂಡುದು ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ತಂತಿಜಾಲರಿಯಿಂದ ಮಾಡಿದ, ೩ ಮೀಟರ್ ಅಗಲದ ಬೋಗುಣಿಯಂಥ ಆಂಟೆನಾ ಆಕಾಶದತ್ತ ಮುಖಮಾಡಿ ನಿಂತಿತು. ಹಳ್ಳಿಯವರು ಕನ್ನಡದ ಕಾರ್ಯಕ್ರಮಗಳನ್ನು ಕುಳಿತು ನೋಡಿದರು. ೧೯೭೭ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರವೂ ಪ್ರಾರಂಭವಾಯಿತು. ರಾಜಧಾನಿಯಾದ ಬೆಂಗಳೂರಿನಲ್ಲಿ ಕೇಂದ್ರ ತೆರೆದುದು ೧೯೮೧ರಲ್ಲಿ. ಈ ವಿಷಯದಲ್ಲಿ ನಾವು ಹಿಂದುಳಿದವರಲ್ಲ, ಹಿರಿಯರು. ಹಿರಿಯರಾದವರು ಪೇಟೆಯಲ್ಲಿ ಮೋಸಹೋಗುವುದು ಶೋಭಿಸುವುದಿಲ್ಲ.

ಆ ಕಾಲದ ಸಂಕೇತವು ಅನಲಾಗ್ ಬಗೆಯದು. ಚಿತ್ರದ ಬೆಳಕು ಕತ್ತಲೆಗಳಿಗೆ ಅನುಗುಣವಾಗಿ ವಿದ್ಯುತ್ತಿನ ಏರಿಳಿತವಾಗುತ್ತಿತ್ತು. ಮಾಳಿಗೆಯ ಮೇಲಣ ಆಂಟೆನಾದಿಂದ ಎರಡೆಳೆಯ ಚಪ್ಪಟೆ ತಂತಿಯೊಂದು ಇಳಿದುಬರುತ್ತಿದ್ದುದನ್ನು ಮನೆಯ ಹಿರಿಯರು ನೆನಪಿಸಿಕೊಳ್ಳಬಹುದು. ಆ ತಂತಿಯ ಇಂಪೀಡೆನ್ಸ್ ೩೦೦ ಓಮ್; ಈಗ ಬಳಸುವ ದುಂಡನೆಯ ಏಕಾಕ್ಷ ಕೇಬಲಿನದು ೭೫ ಓಮ್. ಇದು ಮೀಟರ್ ಹಚ್ಚಿ ನೋಡುವ ಸಾಮಾನ್ಯ ರೋಧವಲ್ಲ. ಕೇಬಲಿನಲ್ಲಿ ಹರಿಯುವ ತರಂಗದ ವೋಲ್ಟೇಜಿಗೂ ಪ್ರವಾಹಕ್ಕೂ ಇರುವ ಪ್ರಮಾಣ. ತಂತಿಗಳ ದಪ್ಪ, ಅವುಗಳ ನಡುವಣ ಅಂತರ, ಅಲ್ಲಿರುವ ಅವಾಹಕ, ಇವು ಅದನ್ನು ನಿರ್ಧರಿಸುತ್ತವೆ. ಕೇಬಲ್ ಉದ್ದವಾಗಲಿ ಮೋಟಾಗಲಿ ಅದು ಬದಲಾಗದು.

ಇದರ ಮಹತ್ವವನ್ನು ತಿಳಿಯಲು ತೆಳ್ಳನೆಯ ಹಗ್ಗಕ್ಕೆ ದಪ್ಪ ಹಗ್ಗವನ್ನು ಗಂಟುಹಾಕಿ ಒಂದು ತುದಿಯನ್ನು ಜಾಡಿಸಿ ನೋಡಿರಿ. ಹೊರಟ ಅಲೆಯು ಗಂಟಿನ ಬಳಿ ಎರಡಾಗುತ್ತದೆ. ಒಂದು ಪಾಲು ಮುಂದೆ ಹೋಗುತ್ತದೆ, ಇನ್ನೊಂದು ಪಾಲು ಹಿಂದಕ್ಕೆ ಬರುತ್ತದೆ. ವಿದ್ಯುತ್ ತರಂಗದ ಸ್ವಭಾವವೂ ಇದೇ. ೩೦೦ ಓಮಿನ ತಂತಿಯನ್ನು ೭೫ ಓಮಿನ ಕೇಬಲಿಗೆ ನೇರವಾಗಿ ಜೋಡಿಸಿದರೆ ಎರಡರ ವ್ಯತ್ಯಾಸವಾದ ೨೨೫ನ್ನು ಮೊತ್ತವಾದ ೩೭೫ರಿಂದ ಭಾಗಿಸಿರಿ: ೦.೬ ಬರುತ್ತದೆ. ಇದರ ವರ್ಗ ೦.೩೬. ಎಂದರೆ, ಬಂದ ಶಕ್ತಿಯಲ್ಲಿ ನೂರಕ್ಕೆ ೩೬ ಪಾಲು ಬಾಗಿಲಿನಿಂದಲೇ ಹಿಂದಿರುಗಿತು.

ಹಿಂದಿರುಗಿದ ತರಂಗವು ಇನ್ನೊಂದು ತುದಿಗೆ ಬಡಿದು ಮತ್ತೆ ಬಂದರೆ ಪರದೆಯ ಮೇಲೆ ಚಿತ್ರದ ಪಕ್ಕದಲ್ಲಿ ಮಸುಕಾದ ಎರಡನೆಯ ಚಿತ್ರ, ‘ಭೂತ’, ಕಾಣಿಸಿಕೊಳ್ಳುತ್ತಿತ್ತು. ಅದು ಎಷ್ಟು ದೂರ ಸರಿದಿರುತ್ತಿತ್ತೆಂಬುದನ್ನೂ ಲೆಕ್ಕಹಾಕಬಹುದು. ನಮ್ಮ ದೇಶದ ಅನಲಾಗ್ ಪದ್ಧತಿಯಲ್ಲಿ ಪರದೆಯ ಒಂದು ಗೆರೆಯ ಕಾಣುವ ಭಾಗವನ್ನು ಎಳೆಯಲು ೫೨ ಮೈಕ್ರೊಸೆಕೆಂಡು ಬೇಕಾಗುತ್ತಿತ್ತು. ಪರದೆಯ ಅಗಲ ೫೨ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಆಗ ಒಂದು ಮೈಕ್ರೊಸೆಕೆಂಡಿಗೆ ಒಂದು ಸೆಂಟಿಮೀಟರ್ ಆಯಿತು. ೨೦ ಮೀಟರ್ ಕೇಬಲಿನಲ್ಲಿ ತರಂಗ ಹೋಗಿ ಬರಲು ೪೦ ಮೀಟರ್. ವೇಗ ಸೆಕೆಂಡಿಗೆ ಸುಮಾರು ೨೦ ಕೋಟಿ ಮೀಟರ್. ಹಿಡಿದ ಕಾಲ ೦.೨ ಮೈಕ್ರೊಸೆಕೆಂಡು. ಹೀಗಾಗಿ ಕೇಬಲಿನ ಭೂತವು ೨ ಮಿಲಿಮೀಟರ್ ಮಾತ್ರ ಸರಿದಿರುತ್ತಿತ್ತು. ಭೂತವು ೫ ಸೆಂಟಿಮೀಟರ್ ಸರಿದಿದ್ದರೆ ಅದು ಒಂದೂವರೆ ಕಿಲೋಮೀಟರ್ ಸುತ್ತುಹಾಕಿ ಬಂದ ತರಂಗ. ದೂರದ ಕಟ್ಟಡವನ್ನೋ ಗುಡ್ಡವನ್ನೋ ದೂರಬೇಕಾಗಿತ್ತೇ ಹೊರತು ಕೇಬಲನ್ನಲ್ಲ. ಅಳತೆಗೋಲೊಂದು ಕೈಯಲ್ಲಿದ್ದರೆ ತಪ್ಪು ಎಲ್ಲಿದೆಯೆಂಬುದನ್ನು ಕುಳಿತಲ್ಲಿಯೇ ಹೇಳಬಹುದಾಗಿತ್ತು.

ಅನಲಾಗ್ ಸಂಕೇತದ ಒಂದು ಅವಶೇಷ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ಅದು ಹಳದಿ, ಕೆಂಪು, ಬಿಳಿ ಬಣ್ಣದ ಮೂರು ತುದಿಗಳುಳ್ಳ ಕೇಬಲ್. ಕೆಂಪು ಬಿಳುಪುಗಳು ಧ್ವನಿಗೆ, ಹಳದಿಯೊಂದೇ ಚಿತ್ರಕ್ಕೆ. ಚಿತ್ರದ ಬೆಳಕು ಮತ್ತು ಬಣ್ಣ ಎರಡನ್ನೂ ಕಲಸಿ ಆ ಒಂದೇ ತಂತಿಯಲ್ಲಿ ಕಳುಹಿಸಲಾಗುತ್ತದೆ. ಕಲಸಿದುದನ್ನು ಮತ್ತೆ ಬೇರ್ಪಡಿಸುವಾಗ ಪೂರ್ಣ ಶುದ್ಧಿ ಸಾಧ್ಯವಿಲ್ಲ. ಬಣ್ಣದ ಅಂಚುಗಳಲ್ಲಿ ಚುಕ್ಕೆಗಳು ಹರಿದಾಡುತ್ತವೆ. ಜೊತೆಗೆ, ಎಚ್.ಡಿ. ಚಿತ್ರದ ಸೂಕ್ಷ್ಮ ವಿವರಗಳು ಆ ದಾರಿಯಲ್ಲಿ ಹಿಡಿಸುವುದೇ ಇಲ್ಲ. ಹೊಸ ಟೆಲಿವಿಷನ್ನನ್ನೂ ಎಚ್.ಡಿ. ಪೆಟ್ಟಿಗೆಯನ್ನೂ ತಂದು, ಅವೆರಡನ್ನೂ ಹಳದಿ ತುದಿಯಿಂದ ಕೂಡಿಸಿ, “ಹೇಳಿದಷ್ಟು ಛಲೋ ಇಲ್ಲ” ಎಂದು ಕೊರಗುವ ಮನೆಗಳನ್ನು ನಾನು ಕಂಡಿದ್ದೇನೆ. ಕೇಬಲ್ ಬದಲಾಯಿಸಿದರೆ ಚಿತ್ರ ನಿಜವಾಗಿ ಸುಧಾರಿಸುವ ಸಂದರ್ಭ ಇದು. ಆದರೆ ಇಲ್ಲಿಯೂ ಗುಣ ಬರುವುದು ಬೆಲೆಯಿಂದಲ್ಲ, ಬಗೆಯಿಂದ. ಅತ್ಯಂತ ಅಗ್ಗದ ಎಚ್.ಡಿ.ಎಮ್.ಐ. ಕೇಬಲ್, ಸರಿಯಾಗಿ ಕೆಲಸಮಾಡುವುದಾದರೆ, ಅತ್ಯಂತ ತುಟ್ಟಿಯ ಹಳದಿ ಕೇಬಲನ್ನು ಮೀರಿಸುತ್ತದೆ.

ಏಕೆ? ಎಚ್.ಡಿ.ಎಮ್.ಐ. ಸಂಕೇತವು ಡಿಜಿಟಲ್ ಬಗೆಯದು. ೨೦೦೨ರ ಡಿಸೆಂಬರಿನಲ್ಲಿ ಪ್ರಕಟವಾದ ಈ ಪದ್ಧತಿಯಲ್ಲಿ ಚಿತ್ರವು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ಸಾಲಾಗಿ ಹರಿಯುತ್ತದೆ. ರೈಲು ನಿಲ್ದಾಣದ ಒಂದು ಪ್ಲಾಟ್‌ಫಾರಮಿನಿಂದ ಎದುರಿನ ಪ್ಲಾಟ್‌ಫಾರಮಿನಲ್ಲಿರುವ ಗೆಳೆಯನಿಗೆ ರಾಗವೊಂದನ್ನು ಹಾಡಿ ಕೇಳಿಸಬೇಕಾದರೆ, ಸುತ್ತಲಿನ ಗದ್ದಲವೆಲ್ಲ ರಾಗದೊಳಗೆ ಬೆರೆಯುತ್ತದೆ, ಇದು ಅನಲಾಗ್. ಕೈಯೆತ್ತಿದರೆ ‘ಹೌದು’, ಇಳಿಸಿದರೆ ‘ಅಲ್ಲ’ ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದರೆ, ಧೂಳಿರಲಿ ಮಬ್ಬಿರಲಿ, ಕೈ ಕಾಣುವವರೆಗೆ ಸಂದೇಶ ಕೆಡುವುದಿಲ್ಲ, ಇದು ಡಿಜಿಟಲ್. ಸೊನ್ನೆ ಸೊನ್ನೆಯಾಗಿ, ಒಂದು ಒಂದಾಗಿ ತಲಪಿತೆಂದ ಮೇಲೆ ಚಿತ್ರ ಪೂರ್ಣವಾಗಿ ತಲಪಿದಂತೆಯೇ. ಪೂರ್ಣಕ್ಕಿಂತ ಹೆಚ್ಚು ಪೂರ್ಣವಾದುದನ್ನು ಎರಡು ಸಾವಿರ ರೂಪಾಯಿಯ ಕೇಬಲ್ ಎಲ್ಲಿಂದ ತಂದೀತು? ಬಣ್ಣವನ್ನು ಗಾಢಗೊಳಿಸುವುದಾಗಲಿ ಕಪ್ಪನ್ನು ಮತ್ತಷ್ಟು ಕಪ್ಪಾಗಿಸುವುದಾಗಲಿ ಅದರ ಕೈಯಲ್ಲಿಲ್ಲ.

ಹಾಗಾದರೆ ಎಲ್ಲ ಕೇಬಲುಗಳೂ ಒಂದೇ ಎನ್ನೋಣವೆ? ಅದೂ ಸರಿಯಲ್ಲ, ಇಲ್ಲಿ ಮೂರನೆಯ ಪ್ರಶ್ನೆ, ವೇಗದ ಪ್ರಶ್ನೆ, ಮುಂದೆ ಬರುತ್ತದೆ. ಪೂರ್ಣ ಎಚ್.ಡಿ. ಪರದೆಯಲ್ಲಿ ೧೯೨೦ನ್ನು ೧೦೮೦ರಿಂದ ಗುಣಿಸಿದಷ್ಟು, ಸುಮಾರು ೨೧ ಲಕ್ಷ, ಚಿತ್ರಬಿಂದುಗಳಿವೆ. ಬಿಂದುವೊಂದಕ್ಕೆ ೨೪ ಬಿಟ್, ಸೆಕೆಂಡಿಗೆ ೬೦ ಚಿತ್ರ ಎಂದರೆ ಸೆಕೆಂಡಿಗೆ ಸುಮಾರು ೨೯೯ ಕೋಟಿ ಬಿಟ್. ಗೆರೆಗಳ ನಡುವಣ ಬಿಡುವನ್ನೂ, ೮ ಬಿಟ್ಟನ್ನು ೧೦ ಮಾಡಿ ಕಳುಹಿಸುವ ಕ್ರಮವನ್ನೂ ಸೇರಿಸಿದರೆ ಕೇಬಲಿನ ಮೇಲಿನ ಹೊರೆ ಸುಮಾರು ೪೪೬ ಕೋಟಿ. ೪ಕೆ ಪರದೆಯಲ್ಲಿ ಬಿಂದುಗಳು ನಾಲ್ಕು ಪಟ್ಟು. ಹೊರೆಯೂ ನಾಲ್ಕು ಪಟ್ಟಾಗಿ ೧೭೮೨ ಕೋಟಿಯಾಗುತ್ತದೆ. ಕೇಬಲುಗಳನ್ನು ವಿಂಗಡಿಸಿರುವುದು ಈ ಹೊರೆಯನ್ನು ಅನುಸರಿಸಿಯೇ. ‘ಹೈ ಸ್ಪೀಡ್’ ಎಂಬುದು ಸೆಕೆಂಡಿಗೆ ೧೦೨೦ ಕೋಟಿ ಬಿಟ್‌ಗಳಿಗೆ, ‘ಪ್ರೀಮಿಯಂ ಹೈ ಸ್ಪೀಡ್’ ೧೮೦೦ ಕೋಟಿಗೆ, ‘ಅಲ್ಟ್ರಾ ಹೈ ಸ್ಪೀಡ್’ ೪೮೦೦ ಕೋಟಿಗೆ. ಪೂರ್ಣ ಎಚ್.ಡಿ. ಪೆಟ್ಟಿಗೆಗೆ ಮೊದಲನೆಯದು ಧಾರಾಳವಾಗಿ ಸಾಕು. ೪ಕೆ ಚಿತ್ರವನ್ನು ಸೆಕೆಂಡಿಗೆ ೬೦ರಂತೆ ನೋಡಬೇಕಾದವರಿಗೆ ಎರಡನೆಯದು. ಇನ್ನೂ ವೇಗದ ಆಟದ ಯಂತ್ರಗಳಿಗೆ ಮೂರನೆಯದು. ಕೊನೆಯ ಎರಡು ಬಗೆಗಳ ಡಬ್ಬಿಯ ಮೇಲೆ ಮೊಬೈಲಿನಿಂದ ಪರೀಕ್ಷಿಸಬಹುದಾದ ಗುರುತುಚೀಟಿಯಿರುತ್ತದೆ. ಹಣ ಕೊಡುವುದಾದರೆ ಆ ಚೀಟಿಗೆ ಕೊಡಬೇಕು.

ಉದ್ದವೂ ಅಷ್ಟೇ ಮುಖ್ಯ. ಎರಡು ಮೀಟರಿನಲ್ಲಿ ಸುಲಭವಾಗಿ ನಡೆಯುವ ಸಂಕೇತ ಹತ್ತು ಮೀಟರಿನಲ್ಲಿ ಎಡವಬಹುದು. ಆವೃತ್ತಿ ಹೆಚ್ಚಿದಂತೆ ತಂತಿಯಲ್ಲಿ ಆಗುವ ನಷ್ಟವೂ ಹೆಚ್ಚುತ್ತದೆ. ತೆಳ್ಳನೆಯ ತಾಮ್ರದ ಉದ್ದನೆಯ ಕೇಬಲಿನಲ್ಲಿ ಸೊನ್ನೆ ಒಂದುಗಳ ಅಂಚುಗಳು ಸವೆದು ಒಂದರೊಳಗೊಂದು ಬೆರೆಯುತ್ತವೆ. ಆಗ ಪರದೆಯ ಮೇಲೆ ಬಿಳಿಯ ಮಿಂಚುಚುಕ್ಕೆಗಳು ಹಾರುತ್ತವೆ, ಇಲ್ಲವೆ ಚಿತ್ರ ಪೂರ್ತಿ ಮಾಯವಾಗಿ ಮತ್ತೆ ಬರುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಟೆಲಿವಿಷನ್ನಿನ ಹತ್ತಿರವೇ ಇಟ್ಟು, ಬೇಕಾದಷ್ಟೇ ಉದ್ದದ ಕೇಬಲ್ ಕೊಳ್ಳುವುದು ಲೇಸು. ಉದ್ದನೆಯ ಕೇಬಲ್ ಅನಿವಾರ್ಯವಾದಾಗ ಒಳ್ಳೆಯದಕ್ಕೆ ಹೆಚ್ಚು ಬೆಲೆ ತೆರುವುದು ನ್ಯಾಯವೇ.

ಇನ್ನು ಚಿನ್ನದ ವಿಚಾರ. ವಿದ್ಯುತ್ತನ್ನು ಹರಿಯಗೊಡುವುದರಲ್ಲಿ ಬೆಳ್ಳಿ ಮೊದಲನೆಯದು, ತಾಮ್ರ ಎರಡನೆಯದು, ಚಿನ್ನ ಮೂರನೆಯದು. ಚಿನ್ನದ ಗುಣವೇನೆಂದರೆ ಅದು ಕಿಲುಬು ಹಿಡಿಯುವುದಿಲ್ಲ. ಮತ್ತೆ ಮತ್ತೆ ತೆಗೆದು ಹಾಕುವ ತುದಿಗಳಿಗೆ ಅತಿ ತೆಳ್ಳನೆಯ ಚಿನ್ನದ ಲೇಪ ಕೊಡುವುದು ಇದಕ್ಕಾಗಿ. ಸಾಧಾರಣ ಬೆಲೆಯ ಕೇಬಲುಗಳಲ್ಲಿಯೂ ಈ ಲೇಪವಿರುತ್ತದೆ. ಅದು ತುದಿಯ ಆಯುಸ್ಸಿಗೆ ಸಂಬಂಧಿಸಿದುದು, ಚಿತ್ರದ ಅಂದಕ್ಕಲ್ಲ.

ಇದೆಲ್ಲವನ್ನೂ ವಿದ್ಯಾರ್ಥಿಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಒಂದು ಅಳುಕಿತ್ತು. ಅದನ್ನು ವಾಚಕರಿಗೂ ಒಪ್ಪಿಸಿಬಿಡುವುದು ಮೇಲು. ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಟೆಲಿವಿಷನ್ನಿನ ಚಿತ್ರವು ಚೌಕಗಳಾಗಿ ಒಡೆದು ನಿಂತುಬಿಡತೊಡಗಿತು. ನಾನು ವಿಚಾರಮಾಡದೆ ಪೇಟೆಗೆ ಹೋಗಿ ತುಟ್ಟಿಯ ಎಚ್.ಡಿ.ಎಮ್.ಐ. ಕೇಬಲೊಂದನ್ನು ತಂದು ಹಾಕಿದೆನು. ಚೌಕಗಳು ಹಾಗೆಯೇ ಉಳಿದುವು. ಮರುದಿನ ಬಂದ ಡಿಶ್ ರಿಪೇರಿಯ ಹುಡುಗನು ಟೆಲಿವಿಷನ್ನಿನ ಕಡೆಗೆ ಕಣ್ಣೆತ್ತಿಯೂ ನೋಡದೆ ನೇರವಾಗಿ ಮಾಳಿಗೆ ಹತ್ತಿದನು. ಹಸಿರು ಕಿಲುಬು ಹಿಡಿದ ತುದಿಯೊಂದನ್ನು ಕತ್ತರಿಸಿ, ಹೊಸದನ್ನು ಹಾಕಿ, ಅತ್ಯಲ್ಪ ಹಣ ಪಡೆದು ಹೊರಟುಹೋದನು. ವಿದ್ಯುತ್ಕಾಂತೀಯ ತರಂಗಗಳನ್ನು ಪಾಠಹೇಳುವವನು ನಾನು. ಅವುಗಳನ್ನು ಬಲ್ಲವನು ಅವನು!

ಅವನಿಗೆ ಅನುಭವದಿಂದ ಗೊತ್ತಿದ್ದುದಕ್ಕೆ ಕಾರಣ ಹೀಗಿದೆ. ಉಪಗ್ರಹದಿಂದ ಬರುವ ಚಿತ್ರವನ್ನು ಸಂಕ್ಷೇಪಿಸಿ, ಸಣ್ಣ ಸಣ್ಣ ಚೌಕಗಳ ರೂಪದಲ್ಲಿ ಕಳುಹಿಸಿರುತ್ತಾರೆ. ಅದನ್ನು ಬಿಡಿಸಿ ಪೂರ್ಣ ಚಿತ್ರವನ್ನಾಗಿ ಮಾಡುವುದು ಪೆಟ್ಟಿಗೆಯ ಕೆಲಸ. ಬಿಡಿಸುವ ಮೊದಲೇ ಬಿಟ್‌ಗಳು ಕಳೆದುಹೋದರೆ ಇಡೀ ಚೌಕಗಳೇ ಕೆಡುತ್ತವೆ. ಬಿಡಿಸಿದ ಮೇಲೆ, ಎಂದರೆ ಎಚ್.ಡಿ.ಎಮ್.ಐ. ಕೇಬಲಿನಲ್ಲಿ, ಬಿಟ್‌ಗಳು ಕಳೆದರೆ ಬಿಡಿ ಬಿಂದುಗಳು ಮಿನುಗುತ್ತವೆ, ಇಲ್ಲವೆ ಪರದೆ ಕಪ್ಪಾಗುತ್ತದೆ. ಆದುದರಿಂದ ಚೌಕಗಳು ಕಂಡರೆ ಸಾಮಾನ್ಯವಾಗಿ ಮಾಳಿಗೆಯ ಮೇಲೆ ನೋಡಬೇಕು. ಮಿಂಚುಚುಕ್ಕೆಗಳು ಕಂಡರೆ ಟೆಲಿವಿಷನ್ನಿನ ಹಿಂದೆ ನೋಡಬೇಕು. ಈ ಒಂದು ಮಾತನ್ನು ನೆನಪಿಟ್ಟುಕೊಂಡವರು ಎಷ್ಟೋ ಅನಾವಶ್ಯಕ ಖರ್ಚನ್ನು ಉಳಿಸಬಲ್ಲರು.

ಮಾಳಿಗೆಯಿಂದಿಳಿಯುವ ಕೇಬಲಿನ ಮೇಲೆ ನಮ್ಮ ಗಮನ ತೀರ ಕಡಿಮೆ. ಕೆಲಸವಾದರೋ ಅದರದೇ ಕಠಿಣವಾದುದು. ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಿಂದ ಬಂದ ಕ್ಷೀಣ ತರಂಗವನ್ನು ಡಿಶ್ಶಿನ ಮುಂದಿರುವ ಎಲ್.ಎನ್.ಬಿ. ಎಂಬ ಉಪಕರಣವು ಹಿಗ್ಗಿಸಿ, ಅದರ ಆವೃತ್ತಿಯನ್ನು ಇಳಿಸಿ, ಕೇಬಲಿಗೆ ಕೊಡುತ್ತದೆ. ಹಾಗೆ ಇಳಿಸಿದ ಮೇಲೂ ಅದು ಸೆಕೆಂಡಿಗೆ ೯೫ ಕೋಟಿಯಿಂದ ೨೧೫ ಕೋಟಿ ಆಂದೋಲನಗಳಷ್ಟಿರುತ್ತದೆ. ೧೦೦ ಕೋಟಿಯ ಆವೃತ್ತಿಯಲ್ಲಿ, ಅಂಗಡಿಗಳಲ್ಲಿ ‘ಆರ್.ಜಿ. ೬’ ಎಂದು ದೊರೆಯುವ ಕೇಬಲಿನ ನಷ್ಟ ೧೦೦ ಮೀಟರಿಗೆ ಸುಮಾರು ೨೦ ಡೆಸಿಬೆಲ್. ಪ್ರತಿ ೧೫ ಮೀಟರಿಗೊಮ್ಮೆ ಶಕ್ತಿ ಅರ್ಧವಾಯಿತು ಎಂದರ್ಥ. ಅದೇ ಕೇಬಲ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಎಲ್.ಎನ್.ಬಿ.ಗೆ ಬೇಕಾದ ೧೩ ಅಥವಾ ೧೮ ವೋಲ್ಟ್ ನೇರ ವಿದ್ಯುತ್ತನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುತ್ತದೆ.

ನಡುವಿನ ತಂತಿಯ ಲೋಹ ಮುಖ್ಯವಾಗುವುದು ಇಲ್ಲಿ. ಅಧಿಕ ಆವೃತ್ತಿಯ ಪ್ರವಾಹ ತಂತಿಯ ಚರ್ಮದಲ್ಲಿಯೇ ಹರಿಯುತ್ತದೆ. ೧೦೦ ಕೋಟಿಯ ಆವೃತ್ತಿಯಲ್ಲಿ ಅದು ತಾಮ್ರದೊಳಕ್ಕೆ ಇಳಿಯುವ ಆಳ ಮಿಲಿಮೀಟರಿನ ಸಾವಿರದ ಎರಡು ಪಾಲಿನಷ್ಟು ಮಾತ್ರ. ಆದುದರಿಂದ ಉಕ್ಕಿನ ತಂತಿಗೆ ತಾಮ್ರ ಹೊದಿಸಿದರೂ ಚಿತ್ರಸಂಕೇತಕ್ಕೆ ತೊಂದರೆಯಿಲ್ಲ. ಆದರೆ ನೇರ ವಿದ್ಯುತ್ತು ತಂತಿಯ ಮೈತುಂಬ ಹರಿಯುವುದರಿಂದ ಉಕ್ಕಿನ ರೋಧ ಅದಕ್ಕೆ ಅಡ್ಡಬರುತ್ತದೆ. ಹತ್ತಿಪ್ಪತ್ತು ಮೀಟರಿಗೆ ತಾಮ್ರ ಹೊದಿಸಿದ ಉಕ್ಕು ಸಾಕು. ಮೂರು ನಾಲ್ಕು ಅಂತಸ್ತಿನ ಮೇಲಿಂದ ಸುತ್ತಿ ಸುತ್ತಿ ಬರಬೇಕಾದರೆ ಪೂರ್ಣ ತಾಮ್ರದ್ದನ್ನೇ ಕೇಳಬೇಕು. ನಮ್ಮೂರಿನ ಬಿಸಿಲನ್ನೂ ಮರೆಯುವಂತಿಲ್ಲ. ಮೇ ತಿಂಗಳಲ್ಲಿ ೪೦ ಡಿಗ್ರಿಯನ್ನು ಮೀರುವ ಈ ಬಿಸಿಲಿಗೆ ಒಳಾಂಗಣದ ತೆಳು ಹೊದಿಕೆ ಬಿರಿಯುತ್ತದೆ, ಬಿರುಕಿನಿಂದ ಮಳೆನೀರು ಒಳಸೇರುತ್ತದೆ. ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯ ಕೇಬಲ್, ಬಿಗಿಯಾಗಿ ಒತ್ತಿದ ತುದಿ, ಅದರ ಮೇಲೊಂದು ರಬ್ಬರ್ ಟೋಪಿ, ನೀರು ತೊಟ್ಟಿಕ್ಕಿ ಹೋಗುವಂತೆ ಕೆಳಗೆ ಬಾಗಿಸಿಟ್ಟ ಒಂದು ಕುಣಿಕೆ, ಇವಿಷ್ಟು ಇದ್ದರೆ ಕೇಬಲ್ ಬಹಳ ವರ್ಷ ಬಾಳುತ್ತದೆ. ಟೆಲಿವಿಷನ್ನಿನ ಹಿಂದೆ ಸುರಿಯುವ ಹಣದ ಕಾಲುಭಾಗವನ್ನು ಮಾಳಿಗೆಯ ಮೇಲೆ ಖರ್ಚುಮಾಡಿದರೆ ಹೆಚ್ಚು ಫಲ ದೊರೆಯುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಗಡಿಯವರನ್ನು ಮೋಸಗಾರರೆಂದು ಕರೆಯುವುದು ನನ್ನ ಉದ್ದೇಶವಲ್ಲ. ಡಬ್ಬಿಯ ಮೇಲೆ ಬರೆದುದನ್ನು ಅವರು ಓದಿ ಹೇಳುತ್ತಾರೆ. ಅನೇಕರು ಅದನ್ನು ನಂಬಿಯೇ ಹೇಳುತ್ತಾರೆ. ಮಾತಿಗೆ ಮಾತು ಕೊಟ್ಟು ವಾದಿಸುವುದಕ್ಕಿಂತ ಪರೀಕ್ಷಿಸುವುದು ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಮಾರ್ಗ. ಹುಡುಗನಿಗೆ ಪ್ರಯೋಗಶಾಲೆಯ ಸಾಧಾರಣ ಕೇಬಲೊಂದನ್ನು ಕೊಟ್ಟು ಹೀಗೆ ಹೇಳಿದೆನು: “ನಾಣ್ಯ ಚಿಮ್ಮಿ, ಮೇಲೆ ಬಿದ್ದ ಮುಖಕ್ಕೆ ತಕ್ಕಂತೆ ಎರಡರಲ್ಲೊಂದು ಕೇಬಲನ್ನು ಹಾಕು. ಯಾವುದನ್ನು ಹಾಕಿದೆಯೆಂದು ನೋಡುವವರಿಗೆ ತಿಳಿಯಬಾರದು. ಇಪ್ಪತ್ತು ಸಲ ಹೀಗೆ ಮಾಡಿ ಅವರ ಉತ್ತರಗಳನ್ನು ಬರೆದುಕೊ.” ಬರಿಯ ಊಹೆಯಿಂದ ೨೦ರಲ್ಲಿ ೧೫ ಅಥವಾ ಅದಕ್ಕಿಂತ ಹೆಚ್ಚು ಉತ್ತರಗಳು ಸರಿಯಾಗುವ ಸಂಭವ ನೂರಕ್ಕೆ ಸುಮಾರು ಎರಡು ಮಾತ್ರ. ಅಷ್ಟು ಸರಿಯಾದರೆ ಆ ಎರಡು ಸಾವಿರಕ್ಕೆ ಏನೋ ಬೆಲೆಯಿದೆಯೆಂದು ನಾನೂ ಒಪ್ಪಿಕೊಳ್ಳುತ್ತಿದ್ದೆನು.

ಅವನ ಅಕ್ಕ ೨೦ರಲ್ಲಿ ೧೧ ಸಲ ಸರಿಯಾಗಿ ಹೇಳಿದಳಂತೆ. ತಂದೆಯವರು ಐದಾರು ಸಲ ನೋಡಿ, “ಎರಡೂ ಒಂದೇ ನಮೂನಿ ಕಾಣ್ತಾವ, ರೊಕ್ಕ ಮಾತ್ರ ಬ್ಯಾರೆ” ಎಂದು ಎದ್ದುಹೋದರಂತೆ. ಬಿಚ್ಚಿದ ಡಬ್ಬಿಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಹಣ ಹೋದುದು ಹೋಯಿತು. ಅದನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ. ನಮ್ಮ ಪಾಠಗಳು ಒಂದು ವಾರ ಮೊದಲೇ ಅವನಿಗೆ ಈ ರೀತಿಯಲ್ಲಿ ದೊರೆತಿದ್ದರೆ ಅದು ಉಳಿಯುತ್ತಿತ್ತು. ಹಗ್ಗದ ಅಲೆ, ಪ್ರತಿಫಲನ, ರೋಧ, ಸಂಭವನೀಯತೆ ಎಲ್ಲವೂ ಅವನ ಪಠ್ಯಪುಸ್ತಕದಲ್ಲಿದ್ದುವು. ಅವುಗಳಿಗೂ ಅಂಗಡಿಯ ಕಟ್ಟೆಗೂ ಸಂಬಂಧವಿದೆಯೆಂದು ನಾವು ಅಧ್ಯಾಪಕರು ಹೇಳಿರಲಿಲ್ಲ. ಅಂದಿನಿಂದ ತರಂಗಗಳ ಪಾಠಕ್ಕೆ ಹೋಗುವಾಗ ನಾನು ಕತ್ತರಿಸಿದ ಕೇಬಲಿನ ಒಂದು ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇನೆ.

ಮುಂದೆ ಕೆಲವು ತಿಂಗಳಲ್ಲಿ ಕಮಲಾಪುರದಲ್ಲಿರುವ ಅವನ ಸೋದರಮಾವ ೪ಕೆ ಟೆಲಿವಿಷನ್ ಕೊಂಡರು. ಕೇಬಲ್ ತರಲು ಹುಡುಗನೂ ಅವರೊಡನೆ ಅದೇ ಅಂಗಡಿಗೆ ಹೋದನು. ಕೈಯಲ್ಲಿ ಒಂದು ಚೀಟಿಯಿತ್ತು: ‘೪ಕೆ, ಒಂದೂವರೆ ಮೀಟರ್, ೧೮೦೦ ಕೋಟಿ ಬಿಟ್.’ ಅಂಗಡಿಯವರು ಮೊದಲು ಹೊಳೆಯುವ ಡಬ್ಬಿಯನ್ನೇ ಮುಂದಿಟ್ಟರಂತೆ. ಅದರ ಮೇಲೆ ಅಂಕಿಯಾವುದೂ ಇರಲಿಲ್ಲ. ಚೀಟಿಯನ್ನು ಎರಡು ಸಲ ಓದಿ, ಒಳಗೆ ಹೋಗಿ ಹುಡುಕಿ, ಗುರುತುಚೀಟಿಯಿದ್ದ ಸಾದಾ ಡಬ್ಬಿಯೊಂದನ್ನು ತಂದುಕೊಟ್ಟರು. ಅದರ ಬೆಲೆ ಮೊದಲನೆಯದರ ಅರ್ಧಕ್ಕಿಂತಲೂ ಕಡಿಮೆಯಿತ್ತು. ಕೊಳ್ಳುವವನು ಅಂಕಿ ಕೇಳಿದರೆ ಮಾರುವವನೂ ಅಂಕಿ ಹುಡುಕುತ್ತಾನೆ. ಈ ಲೇಖನವನ್ನೋದುವ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಗಾಗಿ ಅಂಥ ಚೀಟಿಯೊಂದನ್ನು ಬರೆದುಕೊಳ್ಳಲಿ ಎಂಬುದು ನನ್ನ ಅಪೇಕ್ಷೆ.